ಮುಖರ್ಜಿ ನಗರದಲ್ಲಿ ಅಜ್ಜಿ, ಮೊಮ್ಮಗು

ದೆಹಲಿಗೆ ಹೋಗಿಬಂದವರು ಕೆಂಪುಕೋಟೆ, ಕುತುಬ್ ಮಿನಾರುಗಳನ್ನು ವರ್ಣಿಸುವುದು ವಾಡಿಕೆ. ನಮಗೆ ಲಭಿಸಿದ್ದು ಮುಖರ್ಜಿ ನಗರ. ನಾವು ಗಂಡಹೆಂಡಿರಿಬ್ಬರೂ ಪುಣೆಯಿಂದ ಐದು ದಿನದ ಕಚೇರಿ ತರಬೇತಿಗೆ ಹೊರಟಾಗ, ಒಂಬತ್ತು ತಿಂಗಳ ಕೂಸನ್ನೂ ಅದನ್ನು ನೋಡಿಕೊಳ್ಳಲು ತಾಯಿಯವರನ್ನೂ ಕರೆದೊಯ್ದೆವು. ಇಳಿದುಕೊಂಡದ್ದು ಐ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ಸೋದರಳಿಯನ ಕೋಣೆಯಲ್ಲಿ.

ಬಡಾವಣೆಯ ತುಂಬ ಕೋಚಿಂಗ್ ಕ್ಲಾಸುಗಳು, ಪುಸ್ತಕದಂಗಡಿಗಳು. ಗೋಡೆಯಾಚೆ ಓದು, ಈಚೆ ಕೂಸಿನ ಅಳು! ಹಿಂದಿ ಬಾರದ ತಾಯಿಯವರು ಹಗಲೆಲ್ಲ ಹೇಗೆ ಕಳೆದಾರೆಂಬುದೇ ನಮ್ಮ ಚಿಂತೆ. ಅವರೋ ಬೆಳಿಗ್ಗೆ ಮಾಳಿಗೆಯ ಬಿಸಿಲಲ್ಲಿ ಲೋಟ, ಚಮಚ ಕೊಟ್ಟು ಕೂರಿಸಿದರು. ಹುಡುಗರು ಓದುವ ಹೊತ್ತಿಗೆ ಸದ್ದಾಗದಂತೆ ಸೆರಗಿನ ಗಂಟು ಬಿಚ್ಚುವ ಆಟ ಹೂಡಿದರು. ಮೂರನೆಯ ದಿನ ನೋಡಿದರೆ, ಪಕ್ಕದ ಕೋಣೆಯ ಬಿಹಾರದ ಹುಡುಗರು ಕೂಸನ್ನೆತ್ತಿಕೊಳ್ಳಲು ಸರದಿ ಕಾಯುತ್ತಿದ್ದರು! ತಾಯಿಯವರದು ಕನ್ನಡ, ಅವರದು ಹಿಂದಿ, ಮಾತಿಗೇನೂ ಕೊರತೆಯಿರಲಿಲ್ಲ.

ಕೊನೆಯ ಸಂಜೆ ಹತ್ತಿರದ ಕಾರೊನೇಷನ್ ಪಾರ್ಕಿಗೆ ಹೋದೆವು. ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ವರ್ಗಾಯಿಸುವುದಾಗಿ ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರ್ 12ರಂದು ಸಾರಿದ ಸ್ಥಳವದು. ನಮ್ಮಂಥ ಗುಮಾಸ್ತರು ಕಡತ ಹಿಡಿದು ದೆಹಲಿಗೆ ಬರುವುದರ ಮೂಲ ಅಲ್ಲಿದೆ! 1960ರ ದಶಕದಲ್ಲಿ ಇಂಡಿಯಾ ಗೇಟಿನ ಬಳಿಯಿಂದ ತಂದಿಟ್ಟ ದೊರೆಯ ಪ್ರತಿಮೆಯತ್ತ ಕೂಸು ತಿರುಗಿಯೂ ನೋಡಲಿಲ್ಲ. ಅದರ ಕಣ್ಣೆಲ್ಲ ಅಳಿಲಿನ ಮೇಲೆ.

ಮಕ್ಕಳೊಡನೆ ಹೋಗುವ ವಾಚಕರು ಗುರು ತೇಗ್ ಬಹಾದುರ್ ನಗರದಲ್ಲಿ ಮೆಟ್ರೋ ಇಳಿಯಬೇಕು. ಮೂರಡಿಗಿಂತ ಗಿಡ್ಡ ಮಕ್ಕಳಿಗೆ ಟಿಕೇಟಿಲ್ಲ. ಮೊದಲ ಬೋಗಿ ಹೆಂಗಸರದು. ಆಟದ ಸಾಮಾನು ಹೊರುವ ಅಗತ್ಯವಿಲ್ಲ. ಅಜ್ಜಿಯೊಬ್ಬರಿದ್ದರೆ ಸಾಕು, ಪರಸ್ಥಳವೂ ಮನೆಯಾಗುತ್ತದೆ.