ಮೂವತ್ತು ವರ್ಷದ ಇ.ಸಿ.

ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಅಪ್ಪನಿಗೆ,

ಮೊನ್ನೆ ಫೋನಿನಲ್ಲಿ ನೀನು, ಯಾಕೆ ದನಿ ಇಳಿದಿದೆ ಅಂದೆ. ನಿದ್ದೆಯಿಲ್ಲ ಅಂತಷ್ಟೇ ಹೇಳಿ ಸುಮ್ಮನಾದೆ. ಪೂರ್ತಿ ಸಂಗತಿಯನ್ನು ಬರೆದೇ ತಿಳಿಸಬೇಕು ಅನ್ನಿಸಿತು. ನಮ್ಮ ಟೀಮಿನ ಹುಡುಗರಿಗಿಂತ ನಿನಗೇ ಇದು ಚೆನ್ನಾಗಿ ತಿಳಿದೀತು.

ನಿನ್ನ ಸಬ್ ರಿಜಿಸ್ಟ್ರಾರ್ ಆಫೀಸಿನಿಂದಲೇ ಶುರು ಮಾಡುತ್ತೇನೆ. ಒಂದನೇ ಪುಸ್ತಕದಲ್ಲಿ ದಸ್ತಾವೇಜುಗಳು ಬಂದ ಸರತಿಯಲ್ಲೇ ಕೂರುತ್ತಿದ್ದವು. ವರ್ಷ ತಿರುಗಿದರೆ ಮತ್ತೆ ಒಂದರಿಂದ ನಂಬರು. ನಂಬರು ಹಿಡಿದು ಬಂದವನಿಗೆ ನಕಲು ತೆಗೆದುಕೊಡುವುದು ಸುಲಭ. ಆದರೆ ಜನ ಬರುತ್ತಿದ್ದುದು "ನಮ್ಮಜ್ಜ ಯಾರಿಗೋ ಬರೆದುಕೊಟ್ಟಿದ್ದರಂತೆ" ಅಂತಲೋ, "ಕೆರೆ ಕೆಳಗಿನ ಗದ್ದೆ, ಸರ್ವೆ ನಂಬರು ಇಷ್ಟು" ಅಂತಲೋ. ಅವರಿಗಾಗಿಯೇ 1908ರ ನೋಂದಣಿ ಕಾಯ್ದೆಯ 55ನೇ ಸೆಕ್ಷನ್ ಬೇರೆ ಸೂಚಿಗಳನ್ನು ಇಡಿಸಿತು. ಇಂಡೆಕ್ಸ್ ಒಂದರಲ್ಲಿ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರು. ಇಂಡೆಕ್ಸ್ ಎರಡರಲ್ಲಿ ಆಸ್ತಿಯ ವಿವರ. ಸ್ಕೂಲು ಬಿಟ್ಟು ನಿನ್ನ ಮೇಜಿನ ಪಕ್ಕ ಕೂತಿರುತ್ತಿದ್ದೆನಲ್ಲ, ಒಂದು ಕ್ರಯಪತ್ರ ನಕಲು ಮಾಡಿ ಮುಗಿಸಿ, ಬೆರಳು ನೀವಿಕೊಂಡು, ನೀನು ಮತ್ತೆ ಆ ಎರಡು ದಪ್ಪ ಪುಸ್ತಕ ಎಳೆದುಕೊಳ್ಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದೆ.

ನನ್ನ ಕೆಲಸವೂ ಅದೇ ಅಪ್ಪ. ನಾವು ಟೇಬಲ್ ಅನ್ನುವುದು ನಿನ್ನ ಒಂದನೇ ಪುಸ್ತಕ. ಸೆಕೆಂಡರಿ ಇಂಡೆಕ್ಸ್ ಅನ್ನುವುದು ನಿನ್ನ ಇಂಡೆಕ್ಸ್ ಒಂದು, ಎರಡು. ಕ್ಲೌಡಿನಲ್ಲಿ ಈ ಪುಸ್ತಕಗಳು ಒಂದೇ ಬೀರುವಿನಲ್ಲಿರದೆ ಹಲವು ಯಂತ್ರಗಳಲ್ಲಿ ಹಂಚಿಹೋಗಿರುತ್ತವೆ, ಅಷ್ಟೇ ವ್ಯತ್ಯಾಸ. ಸೂಚಿಯಿಲ್ಲದ ಪ್ರಶ್ನೆ ಬಂದರೆ ಎಲ್ಲ ಪುಟವನ್ನೂ ಮಗುಚಬೇಕು. ಹಾಗಂತ ಸೂಚಿ ಹೆಚ್ಚಿಸುತ್ತಾ ಹೋದರೆ, ಹೊಸದಾಗಿ ಬಂದ ಒಂದೊಂದು ಸಾಲನ್ನೂ ಅಷ್ಟೂ ಕಡೆ ಬರೆಯಬೇಕು. ಆ ನೋವು ನಿನ್ನ ಬೆರಳಿಗೆ ಗೊತ್ತು.

ಯಾವ ಸೂಚಿ ಬೇಕು, ಯಾವುದು ಬೇಡ ಎಂದು ಹೇಳುವ ಸಾಧನವೇ ಈಗ ಇದೆ. ಅದರ ಹಿಂದಿನ ಯೋಚನೆ ನನಗೆ ಬಹಳ ಇಷ್ಟ. ಮೈಕ್ರೋಸಾಫ್ಟಿನ ಸಂಶೋಧಕರಾದ ಸುರಜಿತ್ ಚೌಧುರಿ, ವಿವೇಕ್ ನರಸಯ್ಯ 1997-98ರಲ್ಲಿ ಇದಕ್ಕೆ ದಾರಿ ಮಾಡಿದರು. ಸೂಚಿಯನ್ನು ನಿಜವಾಗಿ ಬರೆಸುವುದಿಲ್ಲ. ಇದ್ದಿದ್ದರೆ ಎಷ್ಟು ದಪ್ಪವಿರುತ್ತಿತ್ತು, ಒಂದೊಂದು ಹೆಸರಿನಡಿ ಎಷ್ಟು ನಮೂದು ಬೀಳುತ್ತಿತ್ತು ಎಂಬ ಅಂದಾಜನ್ನಷ್ಟೇ ಇಟ್ಟು, "ಇಂಥದೊಂದು ಇದ್ದಿದ್ದರೆ ನೀನು ಯಾವ ದಾರಿಯಲ್ಲಿ ಹುಡುಕುತ್ತಿದ್ದೆ?" ಎಂದು ಡೇಟಾಬೇಸನ್ನೇ ಕೇಳುತ್ತಾರೆ. ಇಲ್ಲದ ಪುಸ್ತಕದ ಬೆಲೆಯನ್ನು ಬರೆಯುವ ಮೊದಲೇ ತೂಗಿನೋಡುವುದು! 1998ರ ಎಸ್‌ಕ್ಯುಎಲ್ ಸರ್ವರ್ 7.0ರಲ್ಲಿ ಅದು ಜನರ ಕೈಗೆ ಬಂತು. ಇಂದು ಗೂಗಲ್‌ನ ಸ್ಪ್ಯಾನರ್‌ನಲ್ಲೂ ಸಲಹೆ ಕೊಡುವ ಇಂಥ ಸಾಧನವಿದೆ. ಮೈಕ್ರೋಸಾಫ್ಟಿನ ಅಜ್ಯೂರ್ ಎಸ್‌ಕ್ಯುಎಲ್‌ಗೆ ಒಪ್ಪಿಗೆ ಕೊಟ್ಟರೆ ತಾನೇ ಇಂಡೆಕ್ಸ್ ಕಟ್ಟಿ, ಕೆಲಸ ಚುರುಕಾಯಿತೇ ಎಂದು ನೋಡಿ, ಆಗದಿದ್ದರೆ ತಾನೇ ಅಳಿಸುತ್ತದೆ. 90 ದಿನ ಯಾರೂ ಮುಟ್ಟದ ಇಂಡೆಕ್ಸನ್ನು ತೆಗೆಯಬಹುದು ಎಂದೂ ಹೇಳುತ್ತದೆ. ಆದರೆ ನಾವಾಗಿ ಒಪ್ಪದೆ ತೆಗೆಯುವುದಿಲ್ಲ.

ನಮ್ಮಲ್ಲಿರುವುದು ಬೇರೊಂದು ಸಾಧನ. ನಾವು ನೋಡಿಕೊಳ್ಳುವುದು ಪಿಂಚಣಿದಾರರ ಲೆಕ್ಕ. ಆಗಸ್ಟಿನಲ್ಲಿ ಆ ಸಾಧನ ಎರಡು ಪಟ್ಟಿ ಕೊಟ್ಟಿತು: ಸೇರಿಸಬೇಕಾದವು, ತೆಗೆಯಬಹುದಾದವು. ಸೇರಿಸುವ ಪಟ್ಟಿಯ ಒಂದೊಂದನ್ನೂ ನಾಲ್ಕು ಸಲ ಪ್ರಶ್ನಿಸಿದೆ. ತೆಗೆಯುವ ಪಟ್ಟಿಗೆ ಕಣ್ಣಾಡಿಸಿ ಸಹಿ ಹಾಕಿದೆ. ಅದರಲ್ಲೊಂದು ಇಂಡೆಕ್ಸನ್ನು ಎಂಟು ತಿಂಗಳಿಂದ ಯಾರೂ ಮುಟ್ಟಿರಲಿಲ್ಲ.

ಅದು ಜೀವನ ಪ್ರಮಾಣಪತ್ರದ ಇಂಡೆಕ್ಸ್ ಅಪ್ಪ, ಪಿಂಚಣಿದಾರರು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಕೊಡುವ ಪತ್ರದ್ದು. ಯಾರದು ಬಂದಿದೆ, ಯಾರದು ಬಾಕಿ ಎಂದು ಹುಡುಕುವುದು. ಅದರ ಹತ್ತಿರ ಜನ ಹೋಗುವುದು ನವೆಂಬರಿನಲ್ಲಿ ಮಾತ್ರ.

ನವೆಂಬರಿನ ಮೊದಲ ಕೆಲಸದ ದಿನ ಬೆಳಿಗ್ಗೆ ಹತ್ತಕ್ಕೆ ಕೌಂಟರುಗಳು ತೆರೆದವು. ಒಂದೊಂದು ಹೆಸರು ಹುಡುಕಲೂ ಇಡೀ ಟೇಬಲನ್ನು ಓದುತ್ತಾ ಯಂತ್ರಗಳು ಏದುಸಿರು ಬಿಟ್ಟವು. ತಪ್ಪು ಎಲ್ಲಿದೆಯೆಂದು ಕಂಡುಕೊಳ್ಳುವಷ್ಟರಲ್ಲಿ ಮಧ್ಯಾಹ್ನ. ಇಂಡೆಕ್ಸನ್ನು ಮತ್ತೆ ಕಟ್ಟಬೇಕಾದರೆ ಹಳೆಯ ಸಾಲುಗಳನ್ನೆಲ್ಲ ಮೊದಲಿನಿಂದ ಓದಿಸಬೇಕು. ಮುಗಿದಾಗ ಬೆಳಗಿನ ಜಾವ. ಆ ದಿನ ಊರೂರುಗಳಲ್ಲಿ ನಿನ್ನ ವಯಸ್ಸಿನವರು ಊರುಗೋಲು ಹಿಡಿದು, ಬಸ್ಸು ಹತ್ತಿ ಬಂದು, "ನಾಳೆ ಬನ್ನಿ" ಅನ್ನಿಸಿಕೊಂಡು ವಾಪಸು ಹೋದರು. ನನ್ನ ಸಹಿಯಿಂದ. ನಿದ್ದೆ ಹೋಗಿದ್ದು ಅದಕ್ಕೆ.

ಸಾಧನ ಸುಳ್ಳು ಹೇಳಿರಲಿಲ್ಲ. ಯಾರೂ ಮುಟ್ಟಿಲ್ಲ ಅಂದಿತ್ತು, ಅದು ನಿಜವೇ. ಯಾರು ಯಾವಾಗ ಬರುತ್ತಾರೆಂದು ನಾನು ಕೇಳಲಿಲ್ಲ.

ಆ ರಾತ್ರಿ ನೆನಪಾದದ್ದು ನೀನು. ನಾಲ್ಕನೇ ಕ್ಲಾಸಿನಲ್ಲಿ ಇರಬೇಕು, ಇಂಡೆಕ್ಸ್ ಎರಡರಲ್ಲಿ ನೀನು ಚೆಕ್ಕುಬಂದಿ ಬರೆಯುತ್ತಿದ್ದಾಗ, "ಇದನ್ನ ಯಾರೂ ನೋಡೋದೇ ಇಲ್ವಲ್ಲಪ್ಪ, ಯಾಕೆ ಬರೀತೀಯ?" ಅಂದಿದ್ದೆ. "ನೋಡೋನು ಇನ್ನೂ ಹುಟ್ಟಿಲ್ಲ ಕಣೇ" ಅಂದು ನೀನು ಬರೆಯುತ್ತಲೇ ಇದ್ದೆ. ಮೂವತ್ತು ವರ್ಷದ ಇ.ಸಿ., ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ಬೇಕೆಂದು ಬಂದವರಿಗೆ ಆ ಹಳೆಯ ಸಾಲುಗಳನ್ನು ಹುಡುಕಿ ಬರೆದುಕೊಡುತ್ತಿದ್ದವನೂ ನೀನೇ. ಮಗಳ ಮದುವೆಗೆ ಸಾಲ ಎತ್ತಲು ಬಂದ ರೈತನೊಬ್ಬ ನಿನ್ನ ಮೇಜಿನ ಮೇಲೆ ಹಲಸಿನ ಹಣ್ಣು ಇಟ್ಟುಹೋಗಲು ನೋಡಿದ್ದು, ನೀನು ಹಿಂದೆಯೇ ಓಡಿ ವಾಪಸು ಕೊಟ್ಟದ್ದು ನನಗೆ ನೆನಪಿದೆ.

ಈಗ ಒಂದೊಂದು ಇಂಡೆಕ್ಸಿನ ಪಕ್ಕದಲ್ಲೂ ಎರಡು ಸಾಲು ಬರೆದಿಡುತ್ತಿದ್ದೇನೆ: ಇದನ್ನು ಕೇಳುವವರು ಯಾರು, ಯಾವ ತಿಂಗಳು. ಇನ್ನೂ ಮೂವತ್ತೊಂದು ಬಾಕಿ ಇವೆ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಪಟ್ಟಿ ತರುತ್ತೇನೆ, ನೀನೊಮ್ಮೆ ನೋಡಬೇಕು.

ಅಮ್ಮನ ಮಂಡಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿಯೇ ಹಚ್ಚಿಕೊಳ್ಳಲಿ. ನಿನ್ನ ಜೀವನ ಪ್ರಮಾಣಪತ್ರ ಕೊಟ್ಟಾಯಿತಾ? ಕೊಡದಿದ್ದರೆ ಈ ವಾರವೇ ಹೋಗು, ಆಧಾರ್ ಕಾರ್ಡ್ ಮರೆಯಬೇಡ.

ಇತಿ,
ನಿನ್ನ ಮಗಳು