ಅನ್ನ ಕೊಟ್ಟ ಊರಿನ ಕಾರು

ಎಪ್ಪತ್ತರ ದಶಕದ ಕೊನೆಗೆ ಡೆಟ್ರಾಯಿಟ್ ಸೀಮೆಯಲ್ಲಿ ಸಂಸಾರ ಹೂಡಿದ ಕನ್ನಡಿಗರು ಯಾರೇ ಎದುರಾಗಲಿ, ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಕಾರಿಗೆ ಬಂದು ನಿಲ್ಲುತ್ತದೆ. ಯಾರ ಮನೆಯಲ್ಲಿ ಯಾವ ಕಾರಿತ್ತು, ಅದರ ಬಣ್ಣ ಏನು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ಅದರ ತಳ ಎಷ್ಟು ಬೇಗ ತುಕ್ಕು ಹಿಡಿಯಿತು ಎಂಬುದೆಲ್ಲ ನಮಗೆ ಇವತ್ತಿಗೂ ಬಾಯಿಪಾಠ. ಬೇರೆ ಊರಿನವರಿಗೆ ಕಾರು ಓಡಾಡಲು ಬೇಕಾದ ಸಾಮಾನು. ಅಲ್ಲಿ ಹಾಗಲ್ಲ. ಮನೆ ಮುಂದೆ ನಿಂತ ಕಾರನ್ನು ನೋಡಿದರೆ ಆ ಮನೆಯ ಅನ್ನ ಎಲ್ಲಿಂದ ಬರುತ್ತದೆ ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಡಿಯರ್‌ಬಾರ್ನ್ ಅಂದರೆ ಫೋರ್ಡ್. ಹೈಲ್ಯಾಂಡ್ ಪಾರ್ಕ್‌ನಲ್ಲಿ ಆಗ ಕ್ರೈಸ್ಲರ್‌ನ ಮುಖ್ಯ ಕಚೇರಿ. ಫ್ಲಿಂಟ್, ಪಾಂಟಿಯಾಕ್ ಎರಡೂ ಜನರಲ್ ಮೋಟಾರ್ಸ್‌ನ ಊರುಗಳು. ಜಪಾನಿ ಕಾರಿನ ಮಾತು ಹಾಗಿರಲಿ, ಜನರಲ್ ಮೋಟಾರ್ಸ್‌ನವರ ಮನೆ ಮುಂದೆ ಫೋರ್ಡ್ ನಿಂತರೂ ಹುಬ್ಬು ಮೇಲೇರುತ್ತಿತ್ತು. ನಾನು ಮದುವೆಯಾಗಿ ಮೈಸೂರಿನಿಂದ 1977ರಲ್ಲಿ ಡಿಯರ್‌ಬಾರ್ನ್‌ಗೆ ಹೋದೆ. ನಮ್ಮವರು ಫೋರ್ಡ್‌ನಲ್ಲಿ ಎಂಜಿನಿಯರ್. ಮೊದಲು ಹಸಿರು ಬಣ್ಣದ ಹಳೆಯ ಮ್ಯಾವರಿಕ್ ಇತ್ತು. ಆಮೇಲೆ ನೌಕರರಿಗೆ ಕೊಡುವ ರಿಯಾಯಿತಿಯಲ್ಲಿ, ಅದಕ್ಕೆ ಎ-ಪ್ಲಾನ್ ಎನ್ನುತ್ತಿದ್ದರು, ಫೇರ್‌ಮಾಂಟ್ ವ್ಯಾಗನ್ ಬಂತು. ಅದರ ಹಿಂಭಾಗದಲ್ಲಿ ಬಿಸಿಬೇಳೆಬಾತ್‌ನ ದೊಡ್ಡ ಪಾತ್ರೆ, ಎರಡು ತಂಬೂರಿ, ಮಕ್ಕಳ ಸ್ಲೆಡ್ ಎಲ್ಲ ಒಟ್ಟಿಗೆ ಹಿಡಿಯುತ್ತಿದ್ದವು. ಆ ವ್ಯಾಗನ್ನಿನ ಮೇಲೆ ನನಗಿದ್ದ ಪ್ರೀತಿ ಆಮೇಲೆ ಬಂದ ಯಾವ ಕಾರಿನ ಮೇಲೂ ಹುಟ್ಟಲಿಲ್ಲ.

ಪಂಪ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಆಗ ಶಾಲೆಯದೋ ಚರ್ಚಿನದೋ ಹಾಲ್ ಬಾಡಿಗೆಗೆ ಹಿಡಿಯುತ್ತಿದ್ದೆವು. ಯುಗಾದಿಯ ದಿನ ಪಾರ್ಕಿಂಗ್ ಲಾಟ್ ನೋಡಬೇಕಿತ್ತು. ಉದ್ದುದ್ದ ಮೂತಿಯ ಷೆವ್ರೊಲೆಟ್, ಪ್ಲಿಮತ್, ಬ್ಯೂಯಿಕ್, ನಮ್ಮಂಥವರ ಫೋರ್ಡ್, ಸಾಲಾಗಿ. ಒಳಗೆ ಪಂಚಾಂಗ ಶ್ರವಣ ಶುರುವಾಗುವ ಮೊದಲು ಹೊರಗೆ ಗಂಡಸರದು ಕಾರು ಶ್ರವಣ. ಗ್ಯಾಲನ್ನಿಗೆ ಎಷ್ಟು ಮೈಲಿ, ಟ್ರಾನ್ಸ್‌ಮಿಷನ್ ಹೇಗಿದೆ, ಯಾರ ಕಂಪನಿಯಲ್ಲಿ ಯಾವ ಹೊಸ ಮಾಡೆಲ್ ಬರಲಿದೆ. ಆದರೆ ಬರಲಿರುವ ಮಾಡೆಲಿನ ಗುಟ್ಟನ್ನು ಒಬ್ಬರೂ ಬಾಯಿ ಬಿಟ್ಟದ್ದಿಲ್ಲ. ಅಷ್ಟರ ಮಟ್ಟಿಗೆ ಉಂಡ ಮನೆಯ ನಿಯತ್ತು ಎಲ್ಲರಲ್ಲೂ ಇತ್ತು.

ಅಂಥ ಒಂದು ಯುಗಾದಿಗೆ ಕ್ಯಾಲಿಫೋರ್ನಿಯಾದಲ್ಲಿ ಓದು ಮುಗಿಸಿ ಕೆಲಸಕ್ಕೆಂದು ಬಂದ ದಾವಣಗೆರೆ ಕಡೆಯ ಹುಡುಗನೊಬ್ಬ ಪುಟ್ಟ ಹಳದಿ ಡ್ಯಾಟ್ಸನ್ ತಂದು ಮೊದಲ ಸಾಲಿನಲ್ಲೇ ನಿಲ್ಲಿಸಿದ. ಕೂಟದ ಹಿರಿಯರಾದ ರಾಯರು ಅವನ ಭುಜದ ಮೇಲೆ ಕೈಯಿಟ್ಟು, "ಮರಿ, ಕಾರು ಚೆನ್ನಾಗಿದೆ. ಆದ್ರೆ ಅದನ್ನ ಕಟ್ಟಡದ ಹಿಂದೆ ನಿಲ್ಸಿ ಬಾಪ್ಪ. ಈ ಊರು ನಮಗೆಲ್ಲ ಊಟ ಹಾಕ್ತಿದೆ," ಎಂದರು. ಗದರಿಕೆಯಲ್ಲ, ಮನೆಗೆ ಬಂದ ಸೋದರಳಿಯನಿಗೆ ಬುದ್ಧಿ ಹೇಳುವ ದನಿ. ಹುಡುಗ ಮರುಮಾತಾಡದೆ ಹೋಗಿ ಹಿಂದೆ ನಿಲ್ಲಿಸಿ ಬಂದ. ಆದರೆ ಕೆಲವು ತಿಂಗಳಾದ ಮೇಲೆ ಯಾವುದೋ ಕಾರ್ಖಾನೆಯ ಹತ್ತಿರ ನಿಲ್ಲಿಸಿದ್ದಾಗ ಯಾರೋ ಬಾಗಿಲಿನ ಈ ತುದಿಯಿಂದ ಆ ತುದಿಗೆ ಕೀಲಿಯಲ್ಲಿ ಗೀರಿಬಿಟ್ಟಿದ್ದರು. ಹಳದಿ ಬಣ್ಣದ ಅಡಿಯಿಂದ ಬೂದು ಲೋಹ ಕಾಣುತ್ತಿತ್ತು. ಅವನು ಅದಕ್ಕೆ ಬಣ್ಣ ಹಚ್ಚಿಸಲಿಲ್ಲ. ಇದ್ದ ದುಡ್ಡೆಲ್ಲ ದಾವಣಗೆರೆಗೆ ಹೋಗುತ್ತಿತ್ತು, ತಂಗಿಯ ಮದುವೆಗೆ.

ಈ ಸಿಟ್ಟಿನ ಬೇರು ಎಲ್ಲಿದೆ ಎಂದು ನನಗೆ ತಿಳಿಸಿಕೊಟ್ಟವರು ಪಕ್ಕದ ಮನೆಯ ಯಜಮಾನರು. ಪೋಲೆಂಡ್ ಮೂಲದವರು, ಫೋರ್ಡ್‌ನ ರಿವರ್ ರೂಜ್ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದವರು. ನಮ್ಮ ಮಕ್ಕಳಿಗೆ ಅವರು ತಾತ. ಅವರ ಹೆಂಡತಿ ಲೆಂಟ್ ಎಂಬ ಉಪವಾಸದ ದಿನಗಳು ಶುರುವಾಗುವ ಮುನ್ನಾದಿನ ಪೂಂಚ್ಕಿ ಎಂಬ, ಒಳಗೆ ಹಣ್ಣಿನ ಜಾಮ್ ತುಂಬಿದ ಉಂಡೆಗಳನ್ನು ಕರಿಯುತ್ತಿದ್ದರು. ಅದನ್ನು ಹಂದಿಯ ಕೊಬ್ಬಿನಲ್ಲಿ ಕರಿಯುವುದು ಅವರ ವಾಡಿಕೆ. ನಾವು ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ಪ್ರತಿವರ್ಷ ನಮ್ಮ ಪಾಲನ್ನು ಮೊದಲೇ, ಬೇರೆ ಬಾಣಲೆಯಲ್ಲಿ, ಎಣ್ಣೆಯಲ್ಲಿ ಕರಿದು ತಂದುಕೊಡುತ್ತಿದ್ದರು.

ಯಜಮಾನರ ಅಪ್ಪನೂ ರೂಜ್‌ನಲ್ಲೇ ಇದ್ದವರು. 1937ರ ಮೇ ತಿಂಗಳಲ್ಲಿ ಕಾರ್ಖಾನೆಯ ನಾಲ್ಕನೇ ಗೇಟಿನ ಮೇಲ್ಸೇತುವೆಯ ಮೇಲೆ ಕರಪತ್ರ ಹಂಚಲು ಬಂದ ಕಾರು ಕಾರ್ಮಿಕರ ಯೂನಿಯನ್ನಿನ ವಾಲ್ಟರ್ ರೂಥರ್ ಮತ್ತವರ ಸಂಗಡಿಗರನ್ನು ಕಂಪನಿಯ ಕಾವಲಿನವರು ನೆತ್ತರು ಸುರಿಯುವಂತೆ ಹೊಡೆದರು. ಫೋರ್ಡ್ ಯೂನಿಯನ್ನನ್ನು ಒಪ್ಪಿಕೊಂಡದ್ದು ಅದಾಗಿ ನಾಲ್ಕು ವರ್ಷಕ್ಕೆ, 1941ರಲ್ಲಿ. ಆ ಕಥೆ ಕೇಳಿಕೊಂಡು ಬೆಳೆದವರಿಗೆ ಸ್ವಂತ ಮನೆ, ಆಸ್ಪತ್ರೆ ಖರ್ಚು, ಮಕ್ಕಳ ಕಾಲೇಜು, ಮುಪ್ಪಿನ ಪಿಂಚಣಿ ಯಾವುದೂ ತಾನಾಗಿ ಬಂದದ್ದಲ್ಲ, ಏಟು ತಿಂದು ಪಡೆದದ್ದು. ಹೊರದೇಶದ ಒಂದೊಂದು ಕಾರು ಮಾರಾಟವಾದಾಗಲೂ ಅದರಲ್ಲೊಂದು ಚೂರು ಕಳಚಿ ಬಿದ್ದ ಹಾಗೆ ಅವರಿಗೆ ಅನಿಸುತ್ತಿತ್ತು. ಅದನ್ನು ಸಣ್ಣ ಮನಸ್ಸು ಎಂದು ತಳ್ಳಿಹಾಕುವವರ ಜೊತೆ ನಾನು ಇವತ್ತಿಗೂ ವಾದಕ್ಕೆ ನಿಲ್ಲುತ್ತೇನೆ.

ಅವರದೊಂದು ಅಭ್ಯಾಸವಿತ್ತು. ಬೀದಿಯಲ್ಲಿ ಹೊಸ ಕಾರು ಕಂಡರೆ ಹೆಸರು ನೋಡುತ್ತಿರಲಿಲ್ಲ. ಡ್ರೈವರ್ ಕಡೆಯ ಮುಂಗಾಜಿನ ಮೂಲೆಗೆ ಬಗ್ಗಿ, ಕೈ ಮರೆಮಾಡಿ, ಒಳಗಿನ ಪುಟ್ಟ ತಗಡಿನ ಮೇಲೆ ಕೊರೆದ ನಂಬರ್ ಓದುತ್ತಿದ್ದರು. 1981ರಿಂದ ಅದು 17 ಅಕ್ಷರ-ಅಂಕಿಗಳ ಸಾಲು. ಅವರಿಗೆ ಬೇಕಾದದ್ದು ಮೊದಲನೆಯದು ಮಾತ್ರ. 1 ಇದ್ದರೆ ಅಮೆರಿಕದಲ್ಲಿ ಕಟ್ಟಿದ ಕಾರು, 2 ಕೆನಡಾ, 3 ಮೆಕ್ಸಿಕೊ, ಜೆ ಅಂದರೆ ಜಪಾನ್. ನಮ್ಮ ಮಗ ಅಕ್ಷರ ಕಲಿಯುವ ವಯಸ್ಸಿನಲ್ಲಿ ತಾತನ ಕೈಹಿಡಿದು ಬೀದಿಯ ಕಾರುಗಳ ಮೊದಲಂಕಿ ಓದುತ್ತಾ ಹೋಗುತ್ತಿದ್ದ.

1979ರಲ್ಲಿ ಇರಾನ್‌ನ ಕ್ರಾಂತಿಯಾಗಿ ಪೆಟ್ರೋಲ್ ಬೆಲೆ ಏರಿದ್ದೇ ತಡ, ಊರಿನ ಕಳೆ ಇಳಿಯಿತು. ಸಣ್ಣ ಜಪಾನಿ ಕಾರುಗಳಿಗೆ ದೇಶವೆಲ್ಲ ಮುಗಿಬಿತ್ತು. ಕ್ರೈಸ್ಲರ್ ಮುಳುಗುವ ಹಂತಕ್ಕೆ ಬಂದು 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ 150 ಕೋಟಿ ಡಾಲರ್ ಸಾಲಕ್ಕೆ ಸರ್ಕಾರದ ಜಾಮೀನು ಕೊಡುವ ಕಾಯ್ದೆಗೆ ಸಹಿ ಹಾಕಿದರು. 1982ರ ಕೊನೆಗೆ ಮಿಷಿಗನ್ನಿನ ನಿರುದ್ಯೋಗ ಶೇ. 16 ದಾಟಿತು. ಹ್ಯೂಸ್ಟನ್ ಪತ್ರಿಕೆಗಳನ್ನು ಕೊಂಡು ಅವುಗಳಲ್ಲಿ ಕೆಲಸದ ಜಾಹೀರಾತು ಹುಡುಕುವುದು, ಸಾಮಾನು ಕಟ್ಟಿ ಟೆಕ್ಸಸ್ ಕಡೆ ಹೊರಡುವುದು ದಿನನಿತ್ಯದ ಮಾತಾಯಿತು. ನಮ್ಮ ಕೂಟದ ಯುಗಾದಿಯ ಸಾಲಿನಲ್ಲೂ ಕಾರುಗಳು ಕಡಿಮೆಯಾದವು. ಯೂನಿಯನ್ನಿನ ಮುಖ್ಯ ಕಚೇರಿಯಾದ ಸಾಲಿಡಾರಿಟಿ ಹೌಸ್‌ನ ಅಂಗಳದಲ್ಲಿ ಹಾಕಿದ್ದ ಫಲಕ ಎಲ್ಲರ ಬಾಯಲ್ಲೂ ಇತ್ತು: ಕೆಲಸ ಕಳೆದುಕೊಂಡ ಮೂರು ಲಕ್ಷ ಸದಸ್ಯರಿಗೆ ನಿಮ್ಮ ಹೊರದೇಶದ ಕಾರು ಹಿಡಿಸುವುದಿಲ್ಲ, ಅದನ್ನು ಟೋಕಿಯೊದಲ್ಲಿ ನಿಲ್ಲಿಸಿ ಎಂದು. ಹಳೆಯ ಟೊಯೋಟಾ ತಂದು ನಿಲ್ಲಿಸಿ, ಸುತ್ತಿಗೆ ಕೈಗೆ ಕೊಟ್ಟು, ಒಡೆಯಿರಿ ಎನ್ನುವ ಸಭೆಗಳನ್ನು ಟಿವಿಯಲ್ಲಿ ನೋಡಿದೆವು.

ಆಮೇಲೆ ನಡೆದದ್ದನ್ನು ಬಿಟ್ಟು ಆ ದಿನಗಳ ಬಗ್ಗೆ ಬರೆಯುವುದು ನನ್ನಿಂದಾಗದು. 1982ರ ಜೂನ್ 19ರ ರಾತ್ರಿ, ಹೈಲ್ಯಾಂಡ್ ಪಾರ್ಕ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಚೀನಾ ಮೂಲದ ಹುಡುಗನನ್ನು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದರು. ಮದುವೆಗೆ ಮುಂಚೆ ಗೆಳೆಯರ ಜೊತೆ ಹೊರಗೆ ಹೋಗಿದ್ದವನು. ಹೊಡೆದವನು ಕ್ರೈಸ್ಲರ್ ಕಾರ್ಖಾನೆಯ ಮೇಲ್ವಿಚಾರಕ, ಜೊತೆಗಿದ್ದವನು ಅವನ ಮಲಮಗ, ಕೆಲಸ ಕಳೆದುಕೊಂಡಿದ್ದವನು. ನಿಮ್ಮಂಥವರಿಂದಲೇ ನಮ್ಮ ಕೆಲಸ ಹೋದದ್ದು ಎಂಬ ಮಾತು ಕಿವಿಗೆ ಬಿತ್ತೆಂದು ಅಲ್ಲಿದ್ದವರೊಬ್ಬರು ಸಾಕ್ಷಿ ನುಡಿದರು. ನಾಲ್ಕು ದಿನಕ್ಕೆ ಹುಡುಗ ಸತ್ತ. ಮದುವೆಗೆ ಬರಬೇಕಿದ್ದವರು ಅಂತ್ಯಕ್ರಿಯೆಗೆ ಬಂದರು. ಮರುವರ್ಷ ನ್ಯಾಯಾಲಯ ಇಬ್ಬರಿಗೂ ಜೈಲು ವಿಧಿಸಲಿಲ್ಲ. ಮೂರು ವರ್ಷದ ಪ್ರೊಬೇಷನ್, 3,000 ಡಾಲರ್ ದಂಡ. ವಿನ್ಸೆಂಟ್ ಕೂಡ ಕಾರಿನ ಉದ್ಯಮವನ್ನೇ ನೆಚ್ಚಿದ್ದ ಡ್ರಾಫ್ಟ್ಸ್‌ಮನ್ ಎಂಬುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನ ತಾಯಿ ಲಿಲಿ ಚಿನ್ ಊರೂರು ತಿರುಗಿ ಮಗನಿಗೆ ನ್ಯಾಯ ಕೇಳಿದರು. ಸಿಗದೆ, 1987ರಲ್ಲಿ ಚೀನಾಕ್ಕೆ ಮರಳಿದರು.

ನಮ್ಮ ಮುಖ ನೋಡಿ ಯಾರೂ ಜಪಾನಿಯರೆಂದುಕೊಳ್ಳುವಂತಿರಲಿಲ್ಲ. ಆದರೂ ಆ ಬೇಸಿಗೆ ನಾವು ಹೆಂಗಸರು ಫೋನಿನಲ್ಲಿ ಮಾತಾಡಿಕೊಂಡದ್ದೆಲ್ಲ ಒಂದೇ ವಿಷಯ: ರಾತ್ರಿ ಪಾಳಿ ಮುಗಿಸಿ ಗಂಡಂದಿರು ಒಬ್ಬೊಬ್ಬರೇ ಬರಬಾರದು. ಡ್ಯಾಟ್ಸನ್ ಹುಡುಗನನ್ನು ರಾಯರೇ ತಮ್ಮ ಬ್ಯೂಯಿಕ್‌ನಲ್ಲಿ ಕೆಲಸಕ್ಕೆ ಬಿಟ್ಟು ಕರೆತರಲು ಶುರುಮಾಡಿದರು. ಪಕ್ಕದ ಮನೆಯ ಯಜಮಾನರು ಒಂದು ಸಂಜೆ ಬೇಲಿಯ ಹತ್ತಿರ ಬಂದು ನಮ್ಮವರಿಗೆ, "ಕಾರಿನ ಮೇಲಿನ ಸಿಟ್ಟು ನನಗೂ ಇದೆ. ಮನುಷ್ಯನ ಮೇಲೆ ಕೈ ಮಾಡಿದವನು ನಮ್ಮವನಲ್ಲ. ಯಾರಾದರೂ ನಿಮಗೆ ಏನಾದರೂ ಅಂದರೆ ನನ್ನನ್ನು ಎಬ್ಬಿಸಿ, ನಡುರಾತ್ರಿಯಾದರೂ ಸರಿ," ಎಂದರು. ಆ ಎರಡು ಮೂರು ವಾಕ್ಯ ಕೇಳಿದ ಮೇಲೆ ನಾನು ಅಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಇನ್ನೊಂದು ಮಾತೂ ನಿಜ, ಅದನ್ನು ಕಾರು ಕಟ್ಟುವ ಜನವೇ ಎಲ್ಲರಿಗಿಂತ ಮೊದಲು ಕಂಡುಕೊಂಡಿದ್ದರು. ಜಪಾನಿನ ಕಾರು ಚೆನ್ನಾಗಿತ್ತು. ನಮ್ಮವರ ಕಚೇರಿಯಲ್ಲಿ ಎದುರಾಳಿಯ ಕಾರನ್ನು ಕೊಂಡುತಂದು, ನಟ್ಟು ಬೋಲ್ಟು ಬಿಚ್ಚಿ, ಒಂದೊಂದು ಭಾಗವನ್ನೂ ಮೇಜಿನ ಮೇಲೆ ಹರಡಿ ನೋಡುತ್ತಿದ್ದರು. ಒಂದು ದಿನ ಮನೆಗೆ ಬಂದವರು ಕಾಫಿ ಕುಡಿಯದೆ ನಮ್ಮ ವ್ಯಾಗನ್ನಿನ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಬಾಗಿಲಿಗೂ ಬಾಡಿಗೂ ನಡುವಿನ ಸಂದಿನಲ್ಲಿ ಬೆರಳಾಡಿಸಿದರು. ಮೇಲೆ ಕಿರುಬೆರಳಿನ ತುದಿ ಹಿಡಿಯುವಷ್ಟು, ಕೆಳಗೆ ಉಗುರೂ ತೂರದಷ್ಟು. "ಅವರದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆ ಕಣೆ," ಎಂದರು. 1981ರಲ್ಲಿ ಫೋರ್ಡ್ ಎಡ್ವರ್ಡ್ಸ್ ಡೆಮಿಂಗ್ ಅವರನ್ನು ಸಲಹೆಗೆ ಕರೆಸಿತು. ಯುದ್ಧವಾದ ಮೇಲೆ ಜಪಾನಿನ ಕಾರ್ಖಾನೆಗಳಿಗೆ ಗುಣಮಟ್ಟದ ಪಾಠ ಹೇಳಿದ್ದ ಅಮೆರಿಕನ್ನರೇ ಅವರು. ನಮ್ಮವರು ಆ ವರ್ಷಗಳಲ್ಲಿ ರಾತ್ರಿ ಊಟದ ಮೇಜಿನ ಮೇಲೂ ಗ್ರಾಫ್ ಹಾಳೆ ಹರಡಿ ಕೂರುತ್ತಿದ್ದರು. 1985ರ ಕೊನೆಗೆ ಟಾರಸ್ ಹೊರಬಂದಾಗ ಪಕ್ಕದ ಮನೆಯವರೂ ನಾವೂ ಒಂದೇ ತಿಂಗಳಲ್ಲಿ ಕೊಂಡೆವು. ಅದರ ಸಂದು ಸಮ ಇತ್ತು. 1992ರಲ್ಲಿ ಅದು ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರೆನಿಸಿಕೊಂಡ ಸುದ್ದಿ ಬಂದ ದಿನ ನಮ್ಮ ಬೀದಿಗೆ ಹಬ್ಬ.

ಅಷ್ಟರಲ್ಲಿ ಗೆರೆಗಳೆಲ್ಲ ಕಲಸಿಹೋಗಿದ್ದವು. 1982ರಲ್ಲೇ ಪಕ್ಕದ ಓಹಾಯೊದ ಮೇರಿಸ್ವಿಲ್‌ನಲ್ಲಿ ಹೊಂಡಾ ಅಕಾರ್ಡ್ ಕಟ್ಟಲು ಶುರುವಾಗಿತ್ತು. 1987ರಲ್ಲಿ ನಮ್ಮಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಫ್ಲ್ಯಾಟ್ ರಾಕ್‌ನಲ್ಲಿ, ಹಿಂದೆ ಫೋರ್ಡ್‌ನ ಎರಕದ ಕಾರ್ಖಾನೆಯಿದ್ದ ಜಾಗದಲ್ಲೇ, ಮಾಜ್ಡಾ ಬಾಗಿಲು ತೆರೆಯಿತು. ಅಲ್ಲಿನ ಕಾರ್ಮಿಕರು ಅದೇ ಯೂನಿಯನ್ನಿನವರು. ಇತ್ತ ಫೋರ್ಡ್ ತನ್ನ ಎಸ್ಕಾರ್ಟ್ ಕಾರುಗಳಲ್ಲಿ ಕೆಲವನ್ನು ಮೆಕ್ಸಿಕೊದ ಎರ್ಮೊಸಿಯೊದಲ್ಲಿ ಕಟ್ಟತೊಡಗಿತು. ಯಾವುದು ಮನೆಯದು, ಯಾವುದು ಹೊರಗಿನದು? ಕಂಪನಿಯ ಅಭಿಮಾನವೇನೂ ಇದರಿಂದ ಕರಗಲಿಲ್ಲ. 2006ರಲ್ಲೂ ಡಿಯರ್‌ಬಾರ್ನ್ ಟ್ರಕ್ ಕಾರ್ಖಾನೆಯ ಹತ್ತಿರದ ಪಾರ್ಕಿಂಗನ್ನು ಫೋರ್ಡ್ ತನ್ನ ಕಂಪನಿಯ ಕಾರುಗಳಿಗಷ್ಟೇ ಮೀಸಲಿಟ್ಟು, ಉಳಿದವರು ದೂರ ನಿಲ್ಲಿಸಿ ನಡೆದುಬರಲಿ ಎಂದಿತು.

ನಮ್ಮ ಮಗನ ಉಪನಯನ ತೊಂಬತ್ತರ ದಶಕದ ಮೊದಲಲ್ಲಿ. ಡ್ಯಾಟ್ಸನ್ ಹುಡುಗ ಆಗ ಎರಡು ಮಕ್ಕಳ ತಂದೆ. ಮಾಜ್ಡಾದ ಎಂಎಕ್ಸ್-6 ತಂದು ಹಳೆಯ ಅಭ್ಯಾಸಬಲದಿಂದ ಬೀದಿಯ ಕೊನೆಗೆ ನಿಲ್ಲಿಸಿದ್ದ. ಪಕ್ಕದ ಮನೆಯ ತಾತ ಅಲ್ಲಿಗೂ ನಡೆದುಹೋಗಿ, ಬಗ್ಗಿ, ಗಾಜಿನೊಳಗೆ ಇಣುಕಿದರು. "ಒಂದು!" ಎಂದು ಕೂಗಿದರು. "ಫ್ಲ್ಯಾಟ್ ರಾಕ್! ನನ್ನ ತಂಗಿಯ ಮಗ ಇದ್ದಾನೆ ಅಲ್ಲಿ. ಇಷ್ಟು ದೂರ ಯಾಕಪ್ಪ ನಿಲ್ಲಿಸಿದೆ, ತಂದು ಮನೆ ಮುಂದೆ ನಿಲ್ಲಿಸು." ತಂದು ನಿಲ್ಲಿಸಿದ್ದೇ ತಡ ಬಾನೆಟ್ ತೆರೆಯಿತು. ರಾಯರೂ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಹೋಗಿ ಸೇರಿಕೊಂಡರು. ಒಳಗೆ ಎಲೆ ಹಾಕಿ, ಪಾಯಸ ಬಡಿಸಿ, ಮೂರು ಸಲ ಕರೆದರೂ ಒಬ್ಬರೂ ಏಳಲಿಲ್ಲ. ಕೊನೆಗೆ ತಾತನ ಹೆಂಡತಿಯೇ ಹೊರಗೆ ಹೋಗಿ ಬಾನೆಟ್ ಮುಚ್ಚಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿಕೊಂಡು ಬಂದರು.