ಉದ್ದನಪಲ್ಲಿಯಲ್ಲಿ ಅರ್ಧ ದಿನ

ಹೊಸೂರಿನಿಂದ ರಾಯಕೋಟೆ ರಸ್ತೆ ಹಿಡಿದು ಉದ್ದನಪಲ್ಲಿಗೆ ಹೋದದ್ದು ತಂದೆಯವರ ಹಳೆಯ ಅಂಬಾಸಿಡರ್ ಕಾರಿನ ಗೇರ್ ಬುಷ್ಷಿಗಾಗಿ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿತು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸರಿಹೊಂದುವುದು ಸಿಗಲಿಲ್ಲ.

ಮನೆಗೆ ತಾಗಿದ ಶೆಡ್ಡು. ಯಜಮಾನರು ಲೇತಿನ ಮುಂದೆ, ಲೆಕ್ಕದ ಪುಸ್ತಕ ಮನೆಯವರ ಕೈಯಲ್ಲಿ, ಅಳತೆ ಮಗನದು. ನಾನು ಕೊಟ್ಟ ಬುಷ್ಷನ್ನೇ ಅವನು ಅಳೆಯಹೊರಟಾಗ, “ಇದು ಸವೆದಿದೆಯಲ್ಲಪ್ಪ, ಕಾರಿನಲ್ಲಿರುವ ಸರಳನ್ನು ಅಳೆ. ಅದರಲ್ಲೂ ಸವೆಯದ ಕಡೆ ನೋಡು” ಎಂದರು ತಂದೆ. ಅಳತೆಗೇ ಅರ್ಧ ಹೊತ್ತು ಹೋಯಿತು.

“ನೂರು ಮಾಡಿಸಿದರೆ ಎಷ್ಟಕ್ಕೆ ಕೊಡುತ್ತೀರಿ?” ಕೇಳಿಯೇಬಿಟ್ಟೆ. ನಮ್ಮ ಅಂಗಡಿ ಬುದ್ಧಿ ಎಲ್ಲಿ ಹೋಗುತ್ತದೆ!

“ಕೊಳ್ಳೋಕೆ ಅಷ್ಟು ಕಾರು ಉಳಿದಿವೆಯಾ ಅಣ್ಣಾ?” ಎಂದರು ಆ ತಾಯಿ, ಪುಸ್ತಕದಿಂದ ತಲೆ ಎತ್ತದೆ. ಮಗ ಹೊಸೂರಿನ ಕಾರ್ಖಾನೆಯೊಂದಕ್ಕೆ ಅರ್ಜಿ ಹಾಕಿದ್ದಾನಂತೆ.

ಸಂಜೆಗೆ ಗೇರ್ ಸಲೀಸಾಗಿ ಬಿತ್ತು. ಇರಲಿ ಎಂದು ಇನ್ನೆರಡು ಬುಷ್ ಮಾಡಿಸಿಕೊಂಡೇ ಹೊರಟೆ.